ಹಸಿರು ತೋಳು

ಶವಪೆಟ್ಟಿಗೆಯ ಮುಚ್ಚಳದ ಮೇಲೆ ಹರಡಿದ್ದ ಹೂಗಳ ಕೆಳಗೆ ಶಿಗೆನೊ ವಿಡಿಯೊ ಕ್ಯಾಸೆಟ್ಟೊಂದನ್ನು ಮೆಲ್ಲಗೆ ತೂರಿಸುತ್ತಿದ್ದಾಗ ಚಿತಾಗಾರದ ನೌಕರ ನೋಡಿಬಿಟ್ಟ. ಬಿಳಿ ಕೈಗವಸು ತೊಟ್ಟಿದ್ದ ಆತ ಗದರಲಿಲ್ಲ. ಸೇವಂತಿಗೆಗಳನ್ನು ಬದಿಗೆ ಸರಿಸಿ, ಕ್ಯಾಸೆಟ್ಟನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು ಅವನತ್ತ ಚಾಚಿದ. ಪ್ಲಾಸ್ಟಿಕ್ ಕರಗಿ ಮೂಳೆಗೆ ಅಂಟಿಕೊಳ್ಳುತ್ತದೆ, ಕಾಗದವಾದರೆ ಇಡಬಹುದಿತ್ತು ಎಂದ.

ಶಿಗೆನೊ ಅದನ್ನು ತೆಗೆದುಕೊಳ್ಳದೆ ನಿಂತೇ ಇದ್ದ. ಐವತ್ತೇಳು ವರ್ಷದ ಟ್ಯಾಕ್ಸಿ ಡ್ರೈವರ್. ಕೊನೆಗೆ ಸತ್ತವನ ಅಕ್ಕ ತೊಮೊಎ ಕೈಚಾಚಿ ಅದನ್ನು ತೆಗೆದುಕೊಂಡಳು. ಅಂಚಿಗೆ ಅಂಟಿಸಿದ್ದ ಚೀಟಿಯ ಮೇಲೆ ತಮ್ಮನ ಸಣ್ಣ, ನೆಟ್ಟಗಿನ ಕೈಬರಹವಿತ್ತು: ಹತ್ತೊಂಬತ್ತನೆಯ ಕಂತು, ಮರುಪ್ರಸಾರ, ೧೯೮೪. ಅದನ್ನು ಓದಿ ಅವಳು ಕ್ಯಾಸೆಟ್ಟನ್ನು ಕಪ್ಪು ಕೈಚೀಲದೊಳಗೆ ಹಾಕಿಕೊಂಡಳು.

ಕುಗಿಮೋತೊ ತೊಶಿಹಾರುವನ್ನು ಕಳಿಸಿಕೊಡಲು ಬಂದಿದ್ದವರು ಮೂವರೇ. ನಾಗಾಓಕಾದಿಂದ ಮೊದಲ ರೈಲು ಹಿಡಿದು ಬಂದ ಅಕ್ಕ, ಮೂವತ್ತು ವರ್ಷದ ಗೆಳೆಯ ಶಿಗೆನೊ, ಮತ್ತು ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ ಇನ್ನೊಬ್ಬ ಗೆಳತಿ ಚಿಗುಸಾ. ಪೆಟ್ಟಿಗೆಯಲ್ಲಿ ಮುಖ ನೋಡಲೆಂದು ಇರುವ ಚಿಕ್ಕ ಕಿಟಕಿಯನ್ನು ಮುಚ್ಚಿಯೇ ಇಟ್ಟಿದ್ದರು. ತೆಗೆಯದಿರುವುದೇ ಒಳ್ಳೆಯದೆಂದು ಪೊಲೀಸರು ಹೇಳಿದ್ದರು. ಫ್ಲ್ಯಾಟಿನಲ್ಲಿ ಒಬ್ಬನೇ ಸತ್ತು ಒಂಬತ್ತು ದಿನವಾದ ಮೇಲೆ ಕಟ್ಟಡದ ಮೇಲ್ವಿಚಾರಕ ಬಾಗಿಲು ಒಡೆಸಿದ್ದ.

ಪೆಟ್ಟಿಗೆ ಉರುಳೆಗಳ ಮೇಲೆ ಸದ್ದಿಲ್ಲದೆ ಒಳಗೆ ಸರಿಯಿತು. ಕಬ್ಬಿಣದ ಬಾಗಿಲು ಮುಚ್ಚಿತು. ಸುಮಾರು ಒಂದು ಗಂಟೆಯಾಗುತ್ತದೆ, ಮೇಲಿನ ಕೋಣೆಯಲ್ಲಿ ಚಹಾ ಇಟ್ಟಿದೆ ಎಂದು ನೌಕರ ತಲೆಬಾಗಿದ.

*

ಗೆಳೆಯರ ಬಾಯಲ್ಲಿ ಕುಗಿಯಾಗಿದ್ದ ತೊಶಿಹಾರು ನೀರಿನ ಮೀಟರ್ ಓದುವ ಕೆಲಸದಲ್ಲಿದ್ದ. ಮೂವತ್ತೆಂಟು ವರ್ಷ ತೊಕೊರೊಜಾವಾದ ಓಣಿಗಳಲ್ಲಿ ನಡೆದು, ಮನೆಯಂಗಳದ ಕಬ್ಬಿಣದ ಮುಚ್ಚಳ ಎತ್ತಿ, ಅಂಕಿ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದ. ಅವನ ಮುಖ ನೆನಪಿಟ್ಟುಕೊಂಡವರಿಲ್ಲ. ಎರಡು ತಿಂಗಳಿಂದ ಮುಳ್ಳು ಕದಲದ ಮೀಟರು ಕಂಡು ಎರಡು ಸಲ ಅವನೇ ಪೊಲೀಸರನ್ನು ಕರೆಸಿದ್ದ. ಎರಡು ಸಲವೂ ಒಳಗೆ ಒಂಟಿ ಮುದುಕರು ಸತ್ತಿದ್ದರು. ಅದನ್ನು ಹೇಳಿದ ದಿನ ಅವನು ಊಟ ಮಾಡಲಿಲ್ಲವೆಂಬುದು ಚಿಗುಸಾಗೆ ನೆನಪಿದೆ.

ಅವನ ನಿಜವಾದ ಬದುಕು ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಶುರುವಾಗುತ್ತಿತ್ತು. ಶಿಗೆನೊ, ಚಿಗುಸಾ ಅವನ ಫ್ಲ್ಯಾಟಿಗೆ ಬರುತ್ತಿದ್ದರು. ಟಿ.ವಿ.ಯಲ್ಲಿ ಒಂದು ಹಳೆಯ ಅನಿಮೆ ಕಾರ್ಟೂನು, ಒಂದು ಹೊಸದು. ಆಮೇಲೆ ಕತ್ತಲಾಗುವ ತನಕ ಮಾತು. ಅದೇ ನಿಯಮ. ಗೋಡೆಯುದ್ದಕ್ಕೂ ಕ್ಯಾಸೆಟ್ಟುಗಳು, ನಡುವೆ ಕಾಲು ಬೆಚ್ಚಗಿಡುವ ಗಿಡ್ಡ ಮೇಜು, ಅದರ ಮೇಲೆ ಕಿತ್ತಳೆ ಮತ್ತು ಚಿಗುಸಾ ತಂದ ಮೂಲಂಗಿ ಉಪ್ಪಿನಕಾಯಿ. ಚಿಗುಸಾ ಹೊಸದರ ಪಕ್ಷ. ಶಿಗೆನೊ ಹಳೆಯದರ ಪಕ್ಷ. ಈಗಿನ ಅನಿಮೆಯಲ್ಲಿ ಹಿಮ ಬಿದ್ದರೆ ಒಂದೊಂದು ಹರಳಿಗೂ ತಾನೆಲ್ಲಿಗೆ ಹೋಗಬೇಕೆಂದು ಗೊತ್ತು, ಅದನ್ನು ನೋಡಿದರೆ ಚಳಿಯೇ ಆಗುವುದಿಲ್ಲ ಎಂದು ಅವನ ದೂರು. ನಿಮ್ಮ ಕಾಲದ್ದರಲ್ಲಿ ನಾಲ್ಕು ಹಾಳೆಯಲ್ಲಿ ಬರೆದ ಹಿಮವನ್ನೇ ತಿರುಗಿಸಿ ತಿರುಗಿಸಿ ಬೀಳಿಸುತ್ತಿದ್ದರು, ಅದೇ ಹರಳು ಅದೇ ಮೂಗಿನ ಮೇಲೆ ಹನ್ನೆರಡು ಸಲ ಬೀಳುತ್ತದೆ ಎಂದು ಅವಳ ಉತ್ತರ. ಕುಗಿ ಇಬ್ಬರಿಗೂ ಚಹಾ ಬಗ್ಗಿಸುತ್ತಿದ್ದ. ಯಾವುದೇ ಕಂತಾಗಲಿ, ಕೊನೆಯಲ್ಲಿ ಅದನ್ನು ಮಾಡಿದವರ ಹೆಸರುಗಳು ಬರುವಾಗ ಮಾತ್ರ ಅವನು ಯಾರಿಗೂ ಮಾತಾಡಗೊಡುತ್ತಿರಲಿಲ್ಲ. ಕೈಗಳನ್ನು ಮಂಡಿಯ ಮೇಲಿಟ್ಟು, ಎಲ್ಲ ಹೆಸರೂ ಮುಗಿಯುವ ತನಕ ಓದುತ್ತಿದ್ದ.

ಪ್ರತಿ ವರ್ಷ ಮೊದಲ ಹಿಮ ಬಿದ್ದ ಭಾನುವಾರ ಆ ಹತ್ತೊಂಬತ್ತನೆಯ ಕಂತು. ಹಿಮದ ನಾಡಿನಲ್ಲಿ ಮನೆಮನೆಗೆ ಕಾಗದ ಹಂಚುವ ಹುಡುಗಿಯ ಕತೆ. ಕೆಂಪು ಕೋಟು ತೊಟ್ಟು ಅವಳು ಹೆಪ್ಪುಗಟ್ಟಿದ ನದಿಯ ಮೇಲೆ ಓಡುತ್ತಾಳೆ. ಒಂದು ಕ್ಷಣ, ಕಣ್ಣು ಮಿಟುಕಿಸುವಷ್ಟರಲ್ಲಿ, ಕೋಟಿನ ಎಡತೋಳು ಹಸಿರಾಗಿ ಮತ್ತೆ ಕೆಂಪಾಗುತ್ತದೆ. ಶಿಗೆನೊ ಪ್ರತಿ ವರ್ಷವೂ ಅಲ್ಲಿ ಬೆರಳು ತೋರಿಸಿ ನಗುತ್ತಿದ್ದ. ಬಣ್ಣ ಹಾಕುವವರು ನಿದ್ದೆ ಹೊಡೆಯುತ್ತಿದ್ದರು ಎನ್ನುತ್ತಿದ್ದ. ಚಿಗುಸಾಳೂ ನಗುತ್ತಿದ್ದಳು. ಕುಗಿಯೂ ಒಂದಿಷ್ಟು ನಗುತ್ತಿದ್ದ.

ಈ ಜನವರಿಯಲ್ಲಿ ಶಿಗೆನೊ ಆ ತುಣುಕನ್ನು ಫೋನಿನಲ್ಲಿ ಹಿಡಿದು, 'ಅನಿಮೆ ಇತಿಹಾಸದ ಅತ್ಯಂತ ಸೋಮಾರಿ ಕುಂಚ' ಎಂಬ ಹೆಸರಿಟ್ಟು ಅಂತರ್ಜಾಲಕ್ಕೆ ಏರಿಸಿದ. ವಾರದೊಳಗೆ ನಾಲ್ಕು ಲಕ್ಷ ಜನ ನೋಡಿದರು. ಮುಂದಿನ ಭಾನುವಾರ ಅವನು ಹೆಮ್ಮೆಯಿಂದ ಫೋನನ್ನು ಮೇಜಿನ ಮೇಲಿಟ್ಟ. ಕುಗಿ ಅದನ್ನು ಕೊನೆಯ ತನಕ ನೋಡಿದ. ಕೆಳಗೆ ಜನ ಬರೆದದ್ದನ್ನೂ ಓದಿದ. ಅವನ ಕಿವಿ ಕೆಂಪಾಯಿತು.

"ಇಲ್ಲಿ ಕೂತು ನಾವು ನಗೋದು ಬೇರೆ, ಶಿಗೆನೊ," ಎಂದ.

"ಅಯ್ಯೋ, ಐವತ್ತು ವರ್ಷದ ಹಿಂದಿನ ತಪ್ಪು ಮಾರಾಯ. ಮಾಡಿದವರು ಬದುಕಿದಾರೋ ಇಲ್ವೋ. ಯಾರಿಗೇನು ನೋವು?"

ಕುಗಿ ಎದ್ದು ಟಿ.ವಿ. ಆರಿಸಿದ. ಮೂವತ್ತು ವರ್ಷದಲ್ಲಿ ಅವನು ಹೊಸ ಅನಿಮೆ ನೋಡದೆ ಟಿ.ವಿ. ಆರಿಸಿದ್ದು ಅದೇ ಮೊದಲು. ಮುಂದಿನ ವಾರದಿಂದ ಬರಬೇಡಿ ಎಂದ. ಇಬ್ಬರಿಗೂ ಸೇರಿಸಿಯೇ ಹೇಳಿದ. ಯಾಕೆಂದು ಹೇಳಲಿಲ್ಲ. ಶಿಗೆನೊ ಬೂಟು ಹಾಕಿಕೊಳ್ಳುತ್ತ, ಕಾರ್ಟೂನಿಗಾಗಿ ಸ್ನೇಹ ಕಡಿದುಕೊಳ್ಳುವ ಮುದುಕನನ್ನು ಇವತ್ತೇ ಕಂಡೆ ಎಂದು ಕೇಳಿಸುವಂತೆ ಹೇಳಿ ಹೋದ.

*

ಚಿತಾಗಾರದ ಮೇಲಿನ ಕೋಣೆಯಲ್ಲಿ ಬೇರೆ ಬೇರೆ ಮನೆಯವರು ಬೇರೆ ಬೇರೆ ಮೇಜಿನಲ್ಲಿ ಕುಳಿತಿದ್ದರು. ಒಂದು ಕಡೆ ಇಪ್ಪತ್ತು ಜನರ ಕುಟುಂಬ ಡಬ್ಬಿ ಊಟ ಬಿಚ್ಚಿತ್ತು. ಇವರ ಮೇಜಿನಲ್ಲಿ ಮೂರು ಬಟ್ಟಲು ಚಹಾ ಆರುತ್ತಿತ್ತು.

ತೊಮೊಎ ಮೊದಲು ತನ್ನ ವಿಷಯವನ್ನೇ ತೆಗೆದಳು. ತಮ್ಮನಿಗೆ ಫೋನು ಮಾಡಿ ನಾಲ್ಕು ವರ್ಷವಾಗಿತ್ತು. ಜಗಳವೇನೂ ಇರಲಿಲ್ಲ, ಮಾಡಿದರೆ ಅವನು ಅದೇ ಅನಿಮೆಯ ಮಾತು ಎತ್ತುತ್ತಿದ್ದ, ತನಗೆ ಅದನ್ನು ಕೇಳಲಾಗುತ್ತಿರಲಿಲ್ಲ. ಪ್ರತಿ ಭಾನುವಾರ ಗೆಳೆಯರು ಬರುತ್ತಾರೆ ಎಂದು ಹೇಳಿದ್ದ. ಹಾಗಾಗಿ ಧೈರ್ಯವಿತ್ತು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದಳು. "ಅವನು ಹೋದ ಭಾನುವಾರ ನೀವು ಬರ್ಲಿಲ್ವಾ?"

ಶಿಗೆನೊ ಚಹಾದ ಬಟ್ಟಲನ್ನೇ ನೋಡುತ್ತಿದ್ದ. ಚಿಗುಸಾ ಕೈಚೀಲ ತೆರೆದು ಫೋನು ತೆಗೆದಳು. ಹನ್ನೆರಡು ದಿನದಿಂದ ಯಾರಿಗೂ ತೋರಿಸದಿದ್ದುದನ್ನು ಮೇಜಿನ ಮೇಲಿಟ್ಟಳು. ಶನಿವಾರ ಬೆಳಿಗ್ಗೆ ಕುಗಿ ಕಳಿಸಿದ ಸಂದೇಶ. 'ನಾಳೆ ಹೊಸದರ ಮೂರನೆಯ ಕಂತು ಇದೆ. ಯಾಕೋ ಎದೆ ಭಾರವಾಗಿದೆ, ಹೆಚ್ಚು ಹೊತ್ತು ಕೂರಿಸುವುದಿಲ್ಲ. ಶಿಗೆನೊನನ್ನೂ ಕರೆದುಕೊಂಡು ಬನ್ನಿ.' ಅದರ ಪಕ್ಕದಲ್ಲಿ, ಓದಲಾಗಿದೆ ಎಂಬ ಗುರುತು.

"ಓದ್ದೆ," ಎಂದಳು ಚಿಗುಸಾ. "ಉತ್ತರ ಕೊಡ್ಲಿಲ್ಲ. ಬರಬೇಡಿ ಅಂದೋರು ಇನ್ನೊಂದು ವಾರ ಒಬ್ರೇ ಕೂತ್ಕೊಳ್ಲಿ, ಆಗ ಗೊತ್ತಾಗತ್ತೆ ಅಂತ ಅಂದ್ಕೊಂಡೆ. ಎದೆ ಭಾರ ಅಂದಿದ್ದು ಬೇಜಾರಿಗೆ ಅಂತ ಅಂದ್ಕೊಂಡೆ, ಅಕ್ಕಾ."

ಭಾನುವಾರವೇ ಕುಗಿ ಸತ್ತಿದ್ದ. ಮೇಜಿನ ಮೇಲೆ ಮೂರು ಬಟ್ಟಲು ಇತ್ತೆಂದು ಮೇಲ್ವಿಚಾರಕ ಹೇಳಿದ್ದ. ಸತ್ತಾಗ ಮನೆಯಲ್ಲಿ ಇನ್ಯಾರಾದರೂ ಇದ್ದರೇನೋ ಎಂದು ಪೊಲೀಸರು ವಿಚಾರಿಸಿದ್ದೂ ಅದಕ್ಕೇ. ತನ್ನನ್ನೂ ಕರೆದಿದ್ದನೆಂಬುದು ಶಿಗೆನೊಗೆ ತಿಳಿದದ್ದು ಈಗ. ಅವನು ಚಿಗುಸಾಳನ್ನು ಬೈಯಲಿಲ್ಲ.

ತೊಮೊಎ ಕ್ಯಾಸೆಟ್ಟನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, ಇದನ್ನೇ ಯಾಕೆ ಪೆಟ್ಟಿಗೆಯಲ್ಲಿ ಇಡಲು ಹೋದಿರಿ ಎಂದು ಶಿಗೆನೊನನ್ನು ಕೇಳಿದಳು.

"ವರ್ಷಕ್ಕೊಂದ್ಸಲ ಹಾಕ್ತಿದ್ದ. ಇದು ಅಂದ್ರೆ ಅವನಿಗೆ ಪ್ರಾಣ. ಯಾಕೆ ಅಂತ ನಮಗ್ಯಾರಿಗೂ ಹೇಳ್ಲಿಲ್ಲ."

"ಕೆಂಪು ಕೋಟಿನ ಹುಡುಗಿ," ಎಂದಳು ತೊಮೊಎ. "ಅದರ ತೋಳಿಗೆ ಬಣ್ಣ ಹಾಕಿದ್ದು ನಾನು."

*

ಅಕ್ಕ-ತಮ್ಮನ ತಾಯಿ ಮನೆಯಲ್ಲೇ ಕೂತು ಬಣ್ಣ ತುಂಬುವ ಕೆಲಸ ಮಾಡುತ್ತಿದ್ದಳು. ಗಂಡ ತೀರಿಕೊಂಡಿದ್ದ. ಅನಿಮೆ ಮಾಡುವ ಕಡೆಯಿಂದ ಒಬ್ಬ ಬೈಕಿನಲ್ಲಿ ಬಂದು ಪಾರದರ್ಶಕ ಹಾಳೆಗಳ ಕಟ್ಟು ಕೊಟ್ಟು, ಮುಗಿದದ್ದನ್ನು ಒಯ್ಯುತ್ತಿದ್ದ. ಹಾಳೆಯ ಬೆನ್ನಿಗೆ ಗೆರೆಯೊಳಗೇ ನಿಲ್ಲುವಂತೆ ಬಣ್ಣ ಹಚ್ಚಬೇಕು. ಬಣ್ಣದ ಡಬ್ಬಿಗಳಿಗೆ ನಂಬರು. ಹಚ್ಚಿದ ಹಾಳೆಗಳು ಕೋಣೆಯ ತುಂಬ ಹಗ್ಗದಲ್ಲಿ ಒಣಗುತ್ತಿದ್ದವು. ಮಕ್ಕಳು ಅವುಗಳ ಕೆಳಗೆ ಬಗ್ಗಿ ಓಡಾಡಬೇಕಿತ್ತು. ಯಾವ ಕಂತಿನ ಕೊನೆಯಲ್ಲೂ ತಾಯಿಯ ಹೆಸರು ಬರಲಿಲ್ಲ. ಮನೆಯಲ್ಲಿ ಕೂತು ಮಾಡುವವರ ಹೆಸರು ಹಾಕುತ್ತಿರಲಿಲ್ಲ.

ಆಗ ತೊಮೊಎಗೆ ಹನ್ನೊಂದು ವರ್ಷ, ತಮ್ಮನಿಗೆ ಆರು. ಆ ಮಧ್ಯಾಹ್ನ ತಾಯಿಗೆ ಜ್ವರ ಏರಿ ಕುಂಚ ಹಿಡಿಯಲಾಗಲಿಲ್ಲ. ಸಂಜೆ ಆರಕ್ಕೆ ಬೈಕಿನವನು ಬರುತ್ತಾನೆ. ಇನ್ನೂ ಹನ್ನೊಂದು ಹಾಳೆ ಉಳಿದಿತ್ತು. ಹಾಸಿಗೆಯಿಂದಲೇ ತಾಯಿ ನಂಬರು ಹೇಳಿದಳು. ಮಗಳು ಹಚ್ಚಿದಳು, ತಮ್ಮ ಡಬ್ಬಿ ಎತ್ತಿ ಕೊಡುತ್ತಿದ್ದ. ಕೆಂಪಿನ ಹದಿನಾಲ್ಕು ಎಂದಾಗ ಅವನು ಹಸಿರಿನ ಹದಿನೇಳು ಕೊಟ್ಟ. ಅಂಕಿಗಳು ಅವನಿಗೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಕಿಟಕಿಯ ಹತ್ತಿರ ಬೆಳಕು ಇಳಿದಿತ್ತು, ಒಂದು ಹಾಳೆಯ ತೋಳು ಹಸಿರಾದದ್ದು ಅವಳಿಗೂ ತಿಳಿಯಲಿಲ್ಲ.

ಕಂತು ಬಂದ ದಿನ ಮೂವರೂ ಟಿ.ವಿ. ಮುಂದೆ ಕೂತು ನೋಡಿದರು. ಅವರದು ಕಪ್ಪುಬಿಳುಪಿನ ಟಿ.ವಿ. ಹುಡುಗಿ ಚೆನ್ನಾಗಿ ಓಡಿದಳು. ಮಗಳೇ, ಎಷ್ಟು ನೀಟಾಗಿ ಹಚ್ಚಿದ್ದೀಯ ಎಂದು ತಾಯಿ ಅವಳ ತಲೆ ಸವರಿದಳು. ಮಾರನೆಯ ದಿನ ಬೈಕಿನವನು ಖಾಲಿ ಕೈಯಲ್ಲಿ ಬಂದು, ಒಂದು ತೋಳು ಹಸಿರಾಗಿದೆ, ಇನ್ನು ಕೆಲಸವಿಲ್ಲ ಎಂದು ಹೇಳಿ ಡಬ್ಬಿಗಳನ್ನೆಲ್ಲ ಹಿಂದಕ್ಕೆ ಒಯ್ದ.

"ಯಾರು ಮಾಡಿದ್ದು ಅಂತ ಅಮ್ಮ ಕೇಳಿದ್ಲು. ನಾನೇ ಅಂದೆ. ತಮ್ಮ ಬಾಗಿಲ ಹಿಂದೆ ನಿಂತಿದ್ದ," ಎಂದಳು ತೊಮೊಎ. "ಆಮೇಲೆ ಅಮ್ಮ ಮೀನಿನ ಕಾರ್ಖಾನೆಗೆ ಹೋದ್ಲು. ಆ ತಣ್ಣೀರಲ್ಲೇ ಅವಳ ಕೈ ಹೋಯ್ತು, ಎದೆ ಹೋಯ್ತು. ನಾನು ಹದಿನೈದಕ್ಕೆ ನೇಯ್ಗೆ ಗಿರಣಿ ಸೇರಿ ಊರು ಬಿಟ್ಟೆ. 'ಅಕ್ಕಾ, ನಿನ್ನ ತೋಳು ಮತ್ತೆ ಬಂತು, ಬಣ್ಣದಲ್ಲಿ ನೋಡಿದೆ' ಅಂತ ಎಂಬತ್ನಾಲ್ಕರಲ್ಲಿ ಫೋನು ಮಾಡಿದ್ದ. ನಾನು ಇಟ್ಟುಬಿಟ್ಟೆ."

*

ಶಿಗೆನೊ ಎದ್ದು ಹೊರಗೆ ಹೋದ.

ಹತ್ತು ನಿಮಿಷವಾದರೂ ಬಾರದಿದ್ದಾಗ ಚಿಗುಸಾ ಹುಡುಕಿಕೊಂಡು ಹೋದಳು. ಅವನು ಮೆಟ್ಟಿಲ ಮೇಲೆ ಕುಳಿತು, ಎರಡೂ ಹೆಬ್ಬೆರಳುಗಳಿಂದ ಫೋನಿನಲ್ಲಿ ಏನೋ ಹೊಡೆಯುತ್ತಿದ್ದ. ತಾನು ಏರಿಸಿದ್ದನ್ನು ಅಳಿಸಿಯಾಗಿತ್ತು. ಆದರೆ ಬೇರೆಯವರು ಅದನ್ನು ಇಳಿಸಿಕೊಂಡು, ಸಂಗೀತ ಸೇರಿಸಿ, ತೋಳನ್ನು ನಿಧಾನಗತಿಯಲ್ಲಿ ತೋರಿಸಿ, ಮತ್ತೆ ಮತ್ತೆ ಏರಿಸಿದ್ದರು. ಮೂವತ್ತೇಳು ಕಡೆ ಸಿಕ್ಕಿತು. ಒಬ್ಬೊಬ್ಬರಿಗೂ ಅವನು ಬೇಡಿಕೊಂಡು ಬರೆಯುತ್ತಿದ್ದ: ದಯವಿಟ್ಟು ತೆಗೆಯಿರಿ, ಇವತ್ತು ಅಂತ್ಯಸಂಸ್ಕಾರವಿದೆ.

"ಉತ್ತರ ಬಂತಾ?" ಎಂದು ಚಿಗುಸಾ ಕೇಳಿದಳು.

ಅವನು ಫೋನು ತಿರುಗಿಸಿ ತೋರಿಸಿದ. ಯಾರದು, ಆ ಕೋಟಿನದಾ ಎಂದು ಒಬ್ಬ ಬರೆದಿದ್ದ. ಅದರ ಕೆಳಗೆ ಇನ್ನೂ ಇಪ್ಪತ್ತು ಜನ ನಕ್ಕಿದ್ದರು.

"ನಿಲ್ತಾ ಇಲ್ಲ ಚಿಗುಸಾ. ಒಂದು ತೆಗೆಸಿದ್ರೆ ಇನ್ನೆರಡು ಬರ್ತಿದೆ."

"ಬಿಡಿ ಶಿಗೆನೊ ಅವರೇ. ಏಳಿ."

"ಅವನಿಗೆ ಹೇಳ್ಬೋದಿತ್ತಲ್ಲ. ಮೂವತ್ತು ವರ್ಷ ಪಕ್ಕದಲ್ಲಿ ಕೂತಿದ್ದೆ. ಒಂದು ಮಾತು ಹೇಳಿದ್ರೆ ನಾನು ಸತ್ರೂ ನಗ್ತಿರ್ಲಿಲ್ಲ."

ಅವನು ಮತ್ತೆ ಬರೆಯತೊಡಗಿದ. ಚಿಗುಸಾ ಅವನ ಕೈ ಹಿಡಿದು ಫೋನನ್ನು ಕಸಿಯಲು ನೋಡಿದಳು. ಅವನು ಬಿಡಲಿಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಮಕ್ಕಳ ಹಾಗೆ ಜಗ್ಗಾಡಿದರು. ತಲೆಯೆತ್ತಿದಾಗ ಮೇಲಿನ ಮೆಟ್ಟಿಲಲ್ಲಿ ತೊಮೊಎ ನಿಂತಿದ್ದಳು.

ಶಿಗೆನೊ ಎದ್ದು ನಿಂತು ಎಲ್ಲವನ್ನೂ ಹೇಳಿದ. ಏರಿಸಿದ್ದು ತಾನೇ, ಹೆಸರಿಟ್ಟದ್ದು ತಾನೇ, ಮುದುಕ ಎಂದದ್ದೂ ತಾನೇ. ಹೇಳಿ ಸೊಂಟದ ತನಕ ಬಗ್ಗಿ ಹಾಗೇ ನಿಂತ. ತೊಮೊಎ ಏಳಿ ಎನ್ನಲಿಲ್ಲ. ತೋರಿಸಿ ಎಂದಳು.

ಅವಳು ಅದನ್ನು ಬಣ್ಣದಲ್ಲಿ ಎಂದೂ ನೋಡಿರಲಿಲ್ಲ. ಹುಡುಗಿ ನದಿಯ ಮೇಲೆ ಓಡಿದಳು, ತೋಳು ಹಸಿರಾಯಿತು, ಕೆಂಪಾಯಿತು. ತೊಮೊಎ ಫೋನನ್ನು ಕಣ್ಣಿಗೆ ಹತ್ತಿರ ತಂದುಕೊಂಡಳು.

"ಹದಿನೇಳು," ಎಂದಳು. ಕೆಳಗೆ ಸಾಲುಸಾಲಾಗಿದ್ದ ಮಾತುಗಳನ್ನು ಬೆರಳಿನಿಂದ ಸರಿಸುತ್ತ ಓದಿದಳು. ಅವಳಿಗೆ ಅದರ ಭಾಷೆ ಪೂರ್ತಿ ಅರ್ಥವಾಗಲಿಲ್ಲ. "ಇವರೆಲ್ಲ ಯಾಕೆ ನಗ್ತಿದಾರೆ?"

ಕುಗಿಮೋತೊ ಅವರ ಕಡೆಯವರು ಕೆಳಗೆ ಬರಬೇಕೆಂದು ಧ್ವನಿವರ್ಧಕ ಕರೆಯಿತು.

*

ಉಕ್ಕಿನ ತಟ್ಟೆಯ ಮೇಲೆ ಮೂಳೆಗಳು ಇನ್ನೂ ಶಾಖ ಕಾರುತ್ತಿದ್ದವು. ಬಹಳ ನಡೆದವರಿರಬೇಕು, ಕಾಲಿನ ಮೂಳೆಗಳು ಗಟ್ಟಿಯಾಗಿವೆ, ಇಷ್ಟು ಚೆನ್ನಾಗಿ ಉಳಿಯುವುದು ಅಪರೂಪ ಎಂದು ನೌಕರ ಮೆಲುದನಿಯಲ್ಲಿ ಹೇಳಿದ. ಮೂಳೆ ಎತ್ತಲು ಒಂದು ಬಿದಿರಿನ ಕಡ್ಡಿ, ಒಂದು ಮರದ ಕಡ್ಡಿ ಸೇರಿಸಿದ ಜೊತೆಗಳನ್ನು ಹಂಚಿದ. ಶಿಗೆನೊ ಗೋಡೆಯ ಕಡೆಗೆ ಸರಿದು ನಿಂತ.

"ಬನ್ನಿ," ಎಂದಳು ತೊಮೊಎ.

"ನಾನು ಮುಟ್ಟಬಾರದು ಅಕ್ಕಾ."

"ಒಂದು ಮೂಳೆಗೆ ಇಬ್ಬರು ಬೇಕು. ನೀವಿಬ್ರು ಬಿಟ್ರೆ ನನಗೆ ಇನ್ಯಾರಿದಾರೆ?"

ಅವಳ ದನಿಯಲ್ಲಿ ಕ್ಷಮೆಯಿರಲಿಲ್ಲ, ಸಿಟ್ಟೂ ಇರಲಿಲ್ಲ. ಶಿಗೆನೊ ಬಂದು ಎದುರಿಗೆ ನಿಂತ. ಪಾದದಿಂದ ಶುರುಮಾಡಿ, ಒಂದೊಂದು ಮೂಳೆಯನ್ನೂ ಇಬ್ಬರೂ ಎರಡು ಕಡೆಯಿಂದ ಹಿಡಿದು ಅಸ್ಥಿ ಮಡಿಕೆಗೆ ಇಳಿಸಿದರು. ಕೆಲವನ್ನು ಚಿಗುಸಾ ಮತ್ತು ಅಕ್ಕ, ಕೆಲವನ್ನು ಚಿಗುಸಾ ಮತ್ತು ಶಿಗೆನೊ. ಮಡಿಕೆ ತುಂಬುತ್ತ ಬಂದಾಗ ನೌಕರ ಕೈಗವಸಿನ ಅಂಗೈಯಿಂದ ಮೆಲ್ಲಗೆ ಒತ್ತಿದ. ಒಳಗೆ ಒಣಗಿದ ಎಲೆ ಮುರಿದ ಸದ್ದಾಯಿತು.

ಕೊನೆಯದು ಕುತ್ತಿಗೆಯ ಮೂಳೆ. ಕೈಮುಗಿದು ಕೂತ ಬುದ್ಧನ ಹಾಗಿರುವ ಅದನ್ನು ಅತಿ ಹತ್ತಿರದವರು ಇಡಬೇಕು ಎಂದ ನೌಕರ. ತೊಮೊಎ ತನ್ನ ಕಡ್ಡಿಗಳಿಂದ ಹಿಡಿದು, ಶಿಗೆನೊನ ಕಡೆ ನೋಡಿದಳು. ಅವನ ಕಡ್ಡಿಗಳು ಎರಡು ಸಲ ಜಾರಿ, ಮೂರನೆಯ ಸಲ ಹಿಡಿತ ಸಿಕ್ಕಿತು. ಇಬ್ಬರೂ ಅದನ್ನು ಮಡಿಕೆಯ ಬಾಯಿಯ ತನಕ ತಂದರು. ಅಲ್ಲಿಗೆ ತಂದು, ಯಾರು ಮೊದಲು ಬಿಡಬೇಕೆಂದು ತಿಳಿಯದೆ, ನಾಲ್ಕು ಕಡ್ಡಿಗಳ ನಡುವೆ ಆ ಬಿಳಿ ಚೂರನ್ನು ಗಾಳಿಯಲ್ಲೇ ಹಿಡಿದುಕೊಂಡು ನಿಂತರು. ನೌಕರ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಿದ್ದ.