ಸವತಿಯ ಕರೆ

ನಾಲ್ವರು ಬಗ್ಗಿ ಚಟ್ಟಕ್ಕೆ ಹೆಗಲು ಕೊಡುವಷ್ಟರಲ್ಲಿ ಸತ್ತವನ ಫೋನು ಬಡಿದುಕೊಂಡಿತು.

ಅದು ಹೆಂಡತಿಯ ಮಡಿಲಲ್ಲೇ ಇತ್ತು. ನಿನ್ನೆ ಎದೆನೋವೆಂದು ಹೋದವನ ಜೇಬಿನಿಂದ ತೆಗೆದು ಆಸ್ಪತ್ರೆಯವರು ಕೈಗಿತ್ತದ್ದು. ಪರದೆಯ ಮೇಲೆ ಹೆಸರಿಲ್ಲ, ಒಂದು ಚಿಂಪಾಂಜಿಯ ಮುಖ.

"ಅತ್ತಿಗೆ, ಆಫ್ ಮಾಡಿ ಅದನ್ನ," ಎಂದ ಮೈದುನ.

"ನನ್ನ ಸವತಿ ಕಣಪ್ಪ. ಅವಳಿಗೆ ಯಾರು ಹೇಳ್ಬೇಕು?"

ಯಾರೋ ಬಂದ ನಗುವನ್ನು ಕೆಮ್ಮಿ ಮರೆಸಿದರು.

* * *

ಮೃಗಾಲಯದಲ್ಲಿ ಮೂವತ್ತೊಂದು ವರ್ಷ ಪ್ರಾಣಿಗಳನ್ನು ನೋಡಿಕೊಂಡವನು ಅವಳ ಗಂಡ. ಅಲ್ಲಿನ ಮುದಿ ಹೆಣ್ಣು ಚಿಂಪಾಂಜಿ, ಜೊತೆಗಾರ ಸತ್ತ ಮೇಲೆ, ಮೂಲೆ ಹಿಡಿದು ತನ್ನ ತೋಳಿನ ಕೂದಲನ್ನೇ ಕಿತ್ತುಕೊಳ್ಳತೊಡಗಿತು. ಅದರ ಬೇಸರ ಕಳೆಯಲೆಂದು ಗೋಡೆಗೊಂದು ಯಂತ್ರ ಕೂರಿಸಿದರು. ಅದರಲ್ಲಿ ಮೂರು ಚಿತ್ರ. ಒಂದನ್ನು ಒತ್ತಿದರೆ ನೀರಿನ ತುಂತುರು, ಇನ್ನೊಂದಕ್ಕೆ ಸಂಗೀತ. ಮೂರನೆಯದು ಅವನದೇ ಮುಖ; ಒತ್ತಿದರೆ ಅವನ ಫೋನಿಗೆ ಕರೆ. ತುಂತುರು, ಸಂಗೀತ ಎರಡೇ ದಿನಕ್ಕೆ ಹಳಸಿದವು.

ಅಂದಿನಿಂದ ಮನೆಯಲ್ಲಿ ನೆಮ್ಮದಿಯಾಗಿ ಒಂದು ತುತ್ತು ತಿನ್ನುವಂತಿರಲಿಲ್ಲ. ಫೋನು ಬಂತೆಂದರೆ "ಬಂದೆ, ಬಂದೆ," ಎನ್ನುತ್ತ ಸೈಕಲ್ ಹತ್ತಿಬಿಡುತ್ತಿದ್ದ.

"ನಾನು ಜ್ವರ ಬಂದು ಕರೆದಾಗ ಇಷ್ಟು ಬೇಗ ಬಂದಿದ್ರಾ?"

"ನಿನಗೆ ಬಾಯಿದೆ ಕಣೇ. ಅದಕ್ಕಿರೋದು ಆ ಗುಂಡಿ ಒಂದೇ."

ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನವೂ ಅದನ್ನು ನೋಡಲು ಹೋಗಲಿಲ್ಲ.

* * *

ಮಣ್ಣು ಮಾಡಿ ಮನೆಗೆ ಬರುವಷ್ಟರಲ್ಲಿ ಹನ್ನೊಂದು ಸಲ ಕರೆ ಬಂದಿತ್ತು. ಮೃಗಾಲಯದ ಡಾಕ್ಟರಮ್ಮ ಅವಳ ಪಕ್ಕ ಕೂತರು.

"ಸಂಜೆ ಆ ಚಿತ್ರ ತೆಗೆಸಿಬಿಡ್ತೀವಮ್ಮ. ಒತ್ತಿ ಒತ್ತಿ ಯಾರೂ ಬರದಿದ್ರೆ ಅದು ಏನನ್ನೂ ಕೇಳೋದೇ ಬಿಟ್ಟುಬಿಡುತ್ತೆ. ಮತ್ತೆ ಕೂದಲು ಕೀಳೋಕೆ ಶುರು."

"ಇವರು ಹೋಗಿ ಏನ್ ಮಾಡ್ತಿದ್ರು?"

"ಏನಿಲ್ಲ. ಗಾಜಿನ ಈಚೆ ಸುಮ್ನೆ ಕೂತಿರ್ತಿದ್ರು."

ಅವಳು ಎದ್ದಳು. "ಸುಮ್ನೆ ಕೂರೋಕೆ ನನಗೂ ಬರುತ್ತೆ. ನಡೀರಿ."

"ಇವತ್ತೇನಾ ಅತ್ತಿಗೆ? ನೋಡಿದವರು ಏನಂತಾರೆ?"

"ಏನಾದ್ರೂ ಅನ್ಲಿ. ಬೆಳಿಗ್ಗೆಯಿಂದ ಕರೀತಾನೇ ಇದೆ ಅದು."

ಗಾಜಿನ ಮುಂದೆ ಅವನ ಮೋಟು ಸ್ಟೂಲಿತ್ತು. ಅವಳು ಅದರ ಮೇಲೆ ಕೂತಳು. ಚಿಂಪಾಂಜಿ ಹತ್ತಿರ ಬಂದು ಅವಳ ಮುಖವನ್ನು, ಅತ್ತು ಊದಿದ ಕಣ್ಣುಗಳನ್ನು ಬಹಳ ಹೊತ್ತು ನೋಡಿತು. ಬೈದದ್ದೆಲ್ಲ ನೆನಪಾಗಿ ಅವಳಿಗೆ ನಾಚಿಕೆಯಾಯಿತು.

"ನಾನು ಬಂದಿದೀನಿ ಕಣೇ," ಎಂದಳು.

ಅದು ತಿರುಗಿ ಗೋಡೆಯ ಬಳಿ ಹೋಯಿತು. ಅವನ ಮುಖದ ಮೇಲೆ ಬೆರಳಿಟ್ಟು ಒತ್ತಿತು. ಅವಳ ಕೈಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಇಬ್ಬರೂ ಬಾಗಿಲ ಕಡೆ ನೋಡಿದರು.