ಮೇಲಿನ ಮೊಳ ಮಣ್ಣು

"ಏ ಗದ್ದೆಮ್ಮ, ಹೊಸ್ತಲ ದಾಟಬ್ಯಾಡ ಬೇ! ಕಣ್ಣೇನು ಕುಂಡ್ಯಾಗ ಅದಾವೇನು? ಅಲ್ಲೇ ಸುರುವು."

ಗದ್ದೆಮ್ಮ ಎರೆಮಣ್ಣಿನ ಬುಟ್ಟಿಯನ್ನು ಗೌಡರ ಅಂಗಳದಲ್ಲೇ ಬೋರಲು ಹಾಕಿದಳು. ಎರೆಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ. ಕೇರಿಯವಳ ಕೈ ಸೋಕಿದ ಮಣ್ಣಿಗೆ ಗೌಡ್ತಿ ಶೇಖರಮ್ಮ ಗೋಮೂತ್ರ ಚಿಮುಕಿಸಿದಳು.

"ಸವಳು ಮಣ್ಣಲ್ಲಲ್ಲ? ಎತ್ತು ಬಿರಿತಾವ ಮತ್ತ."

"ಇಲ್ರೀ ಅವ್ವಾರ. ಬ್ಯಾಸಿಗ್ಯಾಗ ನಿಮ್ಮ ಗದ್ದಿಗೆ ಹೊಸದಾಗಿ ಹೊಡಸೀರಲ್ಲ, ಅದನ್ನ ತಂದೀನಿ."

ಹೊಸದಾಗಿ ಹೊಡೆಸಿದ್ದು ಗದ್ದೆಮ್ಮನ ಹೊಲದ ಮಣ್ಣನ್ನೇ. ಭತ್ತಕ್ಕೆಂದು ಕಾಲುವೆ ನೀರು ನಿಲ್ಲಿಸಿ ನಿಲ್ಲಿಸಿ ಶಿವಶರಣಪ್ಪಗೌಡನ ಗದ್ದೆ ಸವಳಾಗಿ, ಉಪ್ಪು ಕಾರಿ ಬೆಳ್ಳಗಾಗಿತ್ತು. ಹಚ್ಚಿದ ಸಸಿ ಸುಟ್ಟು ಸಾಯುತ್ತಿತ್ತು. ಮಗಳ ಬಾಣಂತನಕ್ಕೆಂದು ಗದ್ದೆಮ್ಮ ಮಸ್ಕಿಗೆ ಹೋಗಿದ್ದಾಗ ಗೌಡ ಪಕ್ಕದ ಅವಳ ಎಕರೆಗೆ ಜೆಸಿಬಿ ಇಳಿಸಿದ. ಅವಳೂ ಸತ್ತ ಗಂಡನೂ ಕರಿಕೆ ಅಗೆದು, ತಿಪ್ಪೆಗೊಬ್ಬರ ಹೊತ್ತು, ಕುರಿಹಿಂಡು ತರುಬಿಸಿ ಕೂಸಿನಂತೆ ಸಾಕಿದ ಮೇಲಿನ ಮೊಳ ಮಣ್ಣು, ಎರೆಹುಳದ ಸಮೇತ, ಟ್ರ್ಯಾಕ್ಟರ್ ಹತ್ತಿ ಗೌಡನ ಗದ್ದೆಗೆ ಹೋಯಿತು. ಉಳಿದದ್ದು ಅಡಿಯ ಕಲ್ಲುಮಣ್ಣು, ಬರೀ ಗರಸು. ಮಳೆಗೆ ಬಿತ್ತಿದ ಸಜ್ಜೆ ತಲೆ ಎತ್ತಿ ಒಣಗಿತು. ದೂರು ಹೇಳಹೋದರೆ ಕಚೇರಿಯ ಸಾಹೇಬ ನಕ್ಕಿದ್ದ: "ಎಕರೆ ಎಕರೇನ ಐತಲ್ಲಬೇ. ಹೊಲಕ್ಕೇನು ಕಾಲು ಬಂದು ಓಡಿಹೋಗೈತೇನು?"

ಮಧ್ಯಾಹ್ನ ದೇವರ ಜಗಲಿಗೆ ದೀಪ ಹಚ್ಚಿದರು. ಕೋಡಿಗೆ ಕುಸುಬಿ ಕಾಳು ಚುಚ್ಚಿಸಿಕೊಂಡ ಮಣ್ಣಿನೆತ್ತಿನ ಜೋಡಿ ಅಂಗಳದಲ್ಲಿ ಕಾದು ನಿಂತ ಗದ್ದೆಮ್ಮನಿಗೆ ಬಾಗಿಲಿಂದಲೇ ಕಾಣುತ್ತಿತ್ತು. ಗೌಡ ಕೈಮುಗಿದು ಹೊರಬಂದ.

"ಗೌಡ್ರ, ನನ್ನ ಮಣ್ಣು ಯಾವಾಗ ಕೊಡ್ತೀರಿ?"

"ಯಾವ ಮಣ್ಣು?"

"ಈಗ ಕೈಮುಗದು ಬಂದ್ರಲ್ಲ, ಅದ."

"ನಿನ್ನವ್ನ! ಮಣ್ಣೇನು ನಿಮ್ಮಪ್ಪ ಹಡದಿದ್ನೇನ ಬೇ? ಅದು ಭೂಮ್ತಾಯಿದು. ಹೋಳಿಗಿ ಬೇಕಂದ್ರ ಸೆರಗೊಡ್ಡು, ಇಲ್ಲಂದ್ರ ನಡಿ."

"ಭೂಮ್ತಾಯಿ ನನ್ನ ಹೊಲದಾಗಷ್ಟ ಇದ್ಲೇನ್ರಿ? ನಿಮ್ಮ ಸವಳಿನ್ಯಾಗ ಸತ್ತಿದ್ಲೇನು?"

"ಬಾಯಿ ಬಂತೇನು ರಂಡಿಗೆ!"

ಗದ್ದೆಮ್ಮ ಹೊಸ್ತಿಲು ದಾಟಿದಳು. ಶೇಖರಮ್ಮ ಚೀರಿದರೂ ತಿರುಗಲಿಲ್ಲ. ಜಗಲಿಯ ಮೇಲಿದ್ದ ಹಸಿ ಎತ್ತುಗಳನ್ನು ಎದೆಗವಚಿಕೊಂಡು ಬಂದ ದಾರಿಯಲ್ಲೇ ಹೊರಬಂದಳು. ತಡೆಯಬೇಕೆಂದರೆ ಅವಳನ್ನು ಮುಟ್ಟಬೇಕಿತ್ತು. ಮಿಂದು ಮಡಿಯುಟ್ಟಿದ್ದ ಗೌಡನ ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

ದಾರಿಯಲ್ಲಿ ತನ್ನ ಗುಡಿಸಲಿನ ಸಲಿಕೆಯನ್ನು ಹೆಗಲಿಗೇರಿಸಿ ಹೊಲಕ್ಕೆ ಬಂದಳು. ಗರಸಿನ ಮೇಲೆ ಎತ್ತುಗಳನ್ನಿಟ್ಟು ಹಿಮ್ಮಡಿಯಿಂದ ಹೊಸಕಿದಳು. ಕೋಡು, ಡುಬ್ಬ, ಕಾಲು. ಎಲ್ಲಾ ಸೇರಿ ಒಂದು ಬೊಗಸೆಯಾಯಿತು.

ಊರ ಕಡೆಯಿಂದ ಗೌಡನ ಆಳುಗಳು ಬಡಿಗೆ ಹಿಡಿದು ಓಡಿಬರುತ್ತಿದ್ದರು. ಗದ್ದೆಮ್ಮ ಬದು ದಾಟಿ ಗೌಡನ ಗದ್ದೆಗಿಳಿದಳು.

"ಬಡಿಗಿ ಯಾಕ ತಂದೀರಲೇ ಹಾಟ್ಯಾಗೋಳ್ರಾ?" ಕೂಗಿದಳು. "ಸಲಿಕಿ ತರಬೇಕಿತ್ತು!"

ಮೊದಲ ಸಲಿಕೆ ಕರಿಮಣ್ಣು ಬದುವಿನಾಚೆ, ಅವಳ ಗರಸಿನ ಮೇಲೆ ಬಿತ್ತು.