ಶಾಮಲಮ್ಮನ ಪಾಲಿನ ಅಳು

ಯಲ್ದೂರಿನ ಸುತ್ತಮುತ್ತ ಯಾರ ಮನೆಯಲ್ಲಿ ಸಾವಾದರೂ ಮೊದಲು ಶಾಮಿಯಾನದವನಿಗೆ ಹೇಳಿ ಕಳಿಸುತ್ತಿದ್ದರು, ಆಮೇಲೆ ಆದಿಲಕ್ಷ್ಮಮ್ಮನಿಗೆ. ಆಕೆ ಬಂದು ಕೂತು, ಸೆರಗನ್ನು ತಲೆಯ ಮೇಲೆಳೆದುಕೊಂಡು, ಸತ್ತವರನ್ನು ಹೆಸರು ಹಿಡಿದು ಕರೆದು ಅತ್ತರೇನೇ ಅದು ಸಾವಿನ ಮನೆ ಅನ್ನಿಸುತ್ತಿದ್ದದ್ದು. ಸುಮ್ಮನೆ ಗೋಳಾಡುವುದಲ್ಲ. ಸತ್ತವರು ಯಾವ ಊರಿನಿಂದ ಸೊಸೆಯಾಗಿ ಬಂದರು, ಯಾರ ಕೈಲಿ ಬೈಸಿಕೊಂಡರು, ಯಾವ ಮಾವಿನ ಗಿಡಕ್ಕೆ ಬಿಂದಿಗೆಯಲ್ಲಿ ನೀರು ಹೊತ್ತರು, ಎಲ್ಲವನ್ನೂ ರಾಗವಾಗಿ ಎತ್ತಿ ಹೇಳುತ್ತಾ ಅಳಬೇಕು. ಅರ್ಧ ಕನ್ನಡ, ಅರ್ಧ ತೆಲುಗು. ಈ ಅಳುವಿಗೆ ಇಬ್ಬರು ಬೇಕು. ಒಬ್ಬಳು ಎತ್ತುತ್ತಾಳೆ, ಅವಳ ಉಸಿರು ಮುಗಿಯುವ ಹೊತ್ತಿಗೆ ಇನ್ನೊಬ್ಬಳು ಹಿಡಿಯುತ್ತಾಳೆ. ಎತ್ತುವವಳು ಆದಿಲಕ್ಷ್ಮಮ್ಮ, ಹಿಡಿಯುವವಳು ಹಿಂದಿನ ಬೀದಿಯ ಶಾಮಲಮ್ಮ.

ವಯಸ್ಸಿನಲ್ಲಿದ್ದಾಗಲೇ ಇಬ್ಬರೂ ಮಾತಾಡಿಕೊಂಡಿದ್ದರು. ಯಾರು ಮೊದಲು ಹೋದರೂ ಉಳಿದವಳು ಬಂದು ಅಳಬೇಕು. ಉಳಿದವಳಿಗೆ ಅಳುವವರು ಯಾರು ಅನ್ನುವ ಪ್ರಶ್ನೆ ಆಗ ಹೊಳೆಯಲಿಲ್ಲ. ವಯಸ್ಸಿನಲ್ಲಿ ಅಂಥವೆಲ್ಲ ಹೊಳೆಯುವುದೂ ಇಲ್ಲ ಬಿಡಿ.

ಹೋದ ಯುಗಾದಿಯ ಆಸುಪಾಸಿನಲ್ಲಿ ಒಂದು ಸಾವಿನ ಮನೆಯಲ್ಲಿ ಅಳುತ್ತಾ ಅಳುತ್ತಾ ಆದಿಲಕ್ಷ್ಮಮ್ಮ ಹೆಣದ ಪಕ್ಕದಲ್ಲೇ ಒರಗಿಬಿಟ್ಟಳು. ಜನ ಸ್ವಲ್ಪ ಹೊತ್ತು ಅದನ್ನೂ ಅಳುವಿನ ಭಾಗವೇ ಅಂದುಕೊಂಡು ಮೆಚ್ಚಿದರು. ಎದೆಬಡಿತ ತಾಳ ತಪ್ಪುತ್ತಿದೆ, ಮಾತ್ರೆ ಬಿಡಬಾರದು, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಕೋಲಾರದ ಡಾಕ್ಟರು ಹೇಳಿದರು. ಶ್ರೀನಿವಾಸಪುರ ಡಿಪೋದಲ್ಲಿ ಕಂಡಕ್ಟರಾಗಿರುವ ಮಗ ವೆಂಕಟ್ ಒಂದು ಕಪ್ಪು ವಾಚು ತಂದು ತಾಯಿಯ ಕೈಗೆ ಕಟ್ಟಿದ. ಎದೆಬಡಿತ ಏರಿದರೆ ಅದು ಮಣಿಕಟ್ಟಿನ ಮೇಲೆ ಗುಂಯ್ ಅನ್ನುತ್ತದೆ; ವೆಂಕಟನ ಫೋನು, ಸೊಸೆ ಪವಿತ್ರಳ ಫೋನು ಎರಡೂ ಒಟ್ಟಿಗೆ ಕೂಗಿಕೊಳ್ಳುತ್ತವೆ. ಹಿತ್ತಲಲ್ಲಿ ಹಸು ಹಗ್ಗ ಕಿತ್ತುಕೊಂಡಾಗ ಕೂಗಿದವು. ಸೀರಿಯಲ್ಲಿನಲ್ಲಿ ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸಿದಾಗಲೂ ಕೂಗಿದವು.

"ನನ್ ಎದೆ ಒಳಗಿಂದು ಊರಿಗೆಲ್ಲ ಡಂಗೂರ ಹೊಡೆಯೋಕೆ ಇದೊಂದ್ ಬೇಕಿತ್ತಾ" ಎಂದು ಆದಿಲಕ್ಷ್ಮಮ್ಮ ಬೈದುಕೊಂಡಳೇ ಹೊರತು ಬಿಚ್ಚಿಡಲಿಲ್ಲ. ಅಷ್ಟೊಂದು ಸಾವು ಕಂಡವಳಿಗೆ ಸಾವಿನ ಭಯ ಇರುವುದಿಲ್ಲ ಅಂದುಕೊಂಡವರು ತಪ್ಪು ತಿಳಿದಿದ್ದಾರೆ. ಆಕೆಗೆ ಭಯವಿತ್ತು, ಎಲ್ಲರಿಗಿಂತ ತುಸು ಜಾಸ್ತಿಯೇ ಇತ್ತು. ಸಾವಿನ ಮನೆಗೆ ಹೋಗಬೇಡ ಎಂದು ಮಗ ಕಟ್ಟಪ್ಪಣೆ ಮಾಡಿದಾಗಲೂ ತಕರಾರು ತೆಗೆಯದೆ ಒಪ್ಪಿಕೊಂಡಳು.

ಹೀಗಿರುವಾಗ ಒಂದು ಬೆಳಿಗ್ಗೆ ಪವಿತ್ರಳ ಫೋನಿಗೆ ಶಾಮಲಮ್ಮನ ಫೋಟೋ ಬಂತು. ಕೆಳಗೆ 'ಓಂ ಶಾಂತಿ' ಎಂದಿತ್ತು. ರಾತ್ರಿ ಮಲಗಿದವಳು ಏಳಲೇ ಇಲ್ಲವಂತೆ.

ಆದಿಲಕ್ಷ್ಮಮ್ಮ ಒಲೆಯ ಮುಂದಿನಿಂದ ಎದ್ದು ಸೀರೆ ಬದಲಾಯಿಸಿದಳು. ವಾಚು ಯಾಕೋ ಸುಮ್ಮನಿತ್ತು.

ಡ್ಯೂಟಿಗೆ ಹೊರಟಿದ್ದ ವೆಂಕಟ್ ಬಾಗಿಲಲ್ಲೇ ತಡೆದ. "ಹೋಗು, ಯಾರ್ ಬೇಡ ಅಂದ್ರು. ಮುಖ ನೋಡಿ ಹೂವು ಹಾಕಿ ಬಂದ್ಬಿಡು. ಅಳೋ ಹಂಗಿಲ್ಲ."

"ಅಳ್ದೆ ಬರೋಕೆ ನಾನೇನ್ ಮದ್ವೆಗೆ ಹೋಗ್ತಿದೀನೇನೋ? ಅವ್ಳಿಗೆ ಮಾತು ಕೊಟ್ಟಿದೀನಿ."

"ಇನ್ನೊಂದ್ಸಲ ಹಂಗಾದ್ರೆ ಉಳಿಯೋದು ಕಷ್ಟ ಅಂದವ್ರೆ ಡಾಕ್ಟ್ರು. ಮರ್ತ್ಯಾ?" ವೆಂಕಟನ ದನಿ ಗಟ್ಟಿಯಾಗಿದ್ದರೂ ಕಣ್ಣು ಬೇರೆಯೇ ಹೇಳುತ್ತಿತ್ತು. ಸ್ವಲ್ಪ ಯೋಚಿಸಿ ಅಂದ: "ಒಂದ್ ಕೆಲ್ಸ ಮಾಡು. ಇಲ್ಲೇ ಕೂತ್ಕೊಂಡು ಮೆಲ್ಲಗೆ ಫೋನಿಗೆ ಹೇಳು. ಪವಿತ್ರ ರೆಕಾರ್ಡ್ ಮಾಡ್ಕೊಂಡು ಹೋಗಿ ಅಲ್ಲಿ ಸ್ಪೀಕರಿಗೆ ಹಾಕ್ತಾಳೆ. ಮಾತೂ ಉಳೀತದೆ, ನೀನೂ ಉಳೀತೀಯ."

ಪಾಪ, ಅವನ ತಲೆಗೆ ಹೊಳೆದದ್ದು ಅಷ್ಟು. ಆದಿಲಕ್ಷ್ಮಮ್ಮನೂ ಒಂದು ಕೈ ನೋಡಿಯೇ ಬಿಡೋಣ ಎಂದು ಕೂತಳು. ಪವಿತ್ರ ಫೋನು ಹಿಡಿದಳು. "ಅಕ್ಕಾ, ಶಾಮಲಕ್ಕಾ" ಎಂದಳು ಆದಿಲಕ್ಷ್ಮಮ್ಮ. ಅಂಗನವಾಡಿಯಲ್ಲಿ ಹಾಜರಿ ಕೂಗಿದ ಹಾಗಿತ್ತು. ಇನ್ನೊಂದು ಸಲ ಕರೆದು ನೋಡಿ ಕೈ ಚೆಲ್ಲಿದಳು.

"ಆಗಲ್ಲ ಕಣೋ. ಫೋನಿನ ಮುಖ ನೋಡ್ಕೊಂಡು ಹೆಂಗೋ ಅಳ್ಲಿ?"

ವೆಂಕಟನಿಗೆ ಬಸ್ಸಿನ ಹೊತ್ತಾಗಿತ್ತು. ಹೆಂಡತಿಗೆ ಹೇಳಿ ಹೊರಟ: "ನೀನೂ ಜೊತೇಲ್ ಹೋಗು. ನಾನು ಫೋನ್ ನೋಡ್ತಾನೇ ಇರ್ತೀನಿ. ಎದೆಬಡಿತದ ನಂಬರ್ ಏರಿದ್ರೆ ಎಬ್ಬಿಸ್ಕೊಂಡ್ ಬಂದ್ಬಿಡು."

ಶಾಮಲಮ್ಮನನ್ನು ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಮಗ ನಂದೀಶ್ ಪೆಟ್ಟಿಗೆಯ ಮೇಲೆ ಫೋನು ಹಿಡಿದು, ಕುವೈತಿನಲ್ಲಿರುವ ತಂಗಿಗೆ ಅಮ್ಮನ ಮುಖ ತೋರಿಸುತ್ತಿದ್ದ. ಮೂಲೆಯ ಸ್ಪೀಕರಿನಲ್ಲಿ ಯಾರೋ ಗಂಡಸು ಜೀವನ ನೀರ ಮೇಲಿನ ಗುಳ್ಳೆ ಎಂದು ಒಂದೇ ಸಮ ಹಾಡುತ್ತಿದ್ದ. ಹೆಂಗಸರು ಗೋಡೆಗೊರಗಿ ಕೂತಿದ್ದರು. ಅಳುವವರಿರಲಿಲ್ಲ. ಅಳು ಇಲ್ಲವೆಂದಲ್ಲ, ಎತ್ತುವವರಿಲ್ಲದೆ ಸುಮ್ಮನಿದ್ದರು.

ಆದಿಲಕ್ಷ್ಮಮ್ಮ ಪೆಟ್ಟಿಗೆಯ ಪಕ್ಕ ಕೂತು ಗಾಜಿನ ಮೇಲಿನ ಮಂಜನ್ನು ಸೆರಗಿನಲ್ಲಿ ಒರೆಸಿದಳು. ಗೆಳತಿಯ ಕೆನ್ನೆ ಮುಟ್ಟೋಣವೆಂದರೆ ನಡುವೆ ಗಾಜು.

"ಆ ಹಾಡು ನಿಲ್ಸಪ್ಪ ನಂದೀಶ. ನಿಮ್ಮಮ್ಮಂಗೆ ಅದೆಲ್ಲ ಹಿಡಿಸ್ತಿರ್ಲಿಲ್ಲ."

ಹಾಡು ನಿಂತಿತು. ಆದಿಲಕ್ಷ್ಮಮ್ಮ ಸೆರಗು ತಲೆಗೆಳೆದುಕೊಂಡು ಎತ್ತಿದಳು. "ಪೋತಿವಾ ಅಕ್ಕಾ, ಹೇಳ್ದೆ ಕೇಳ್ದೆ ಹೋದ್ಯಾ... ಹೋಳೂರಿಂದ ಗಾಡಿ ಕಟ್ಕೊಂಡು ಬಂದೋಳೇ, ಕಂಕುಳಲ್ಲಿ ಕೋಳಿ ಹಿಡ್ಕೊಂಡು ಇಳಿದೋಳೇ..." ಉಸಿರು ಮುಗಿಯಿತು. ಹಿಡಿಯಬೇಕಾದವಳು ಪೆಟ್ಟಿಗೆಯೊಳಗಿದ್ದಳು. ಆ ಜಾಗ ಖಾಲಿ ಬಿದ್ದದ್ದು ಕೂತವರಿಗೆಲ್ಲ ಗೊತ್ತಾಯಿತು. ಆದಿಲಕ್ಷ್ಮಮ್ಮ ತಾನೇ ಎತ್ತಿ ತಾನೇ ಹಿಡಿಯಲು ಹೋದಳು. ಎದೆ ಹಾರತೊಡಗಿತು. ಮಣಿಕಟ್ಟಿನಲ್ಲಿ ಗುಂಯ್ ಅಂದಿತು, ಪವಿತ್ರಳ ಫೋನು ಸಾವಿನ ಮನೆಯಲ್ಲಿ ಕಿಟಾರನೆ ಕೂಗಿತು. ಅದರ ಬೆನ್ನಿಗೇ ವೆಂಕಟನ ಕರೆ. "ಎಬ್ಬಿಸ್ಕೊಂಡ್ ಬಾರೇ" ಅನ್ನುವುದು ಪಕ್ಕದವರಿಗೂ ಕೇಳಿಸಿತು.

ಆದಿಲಕ್ಷ್ಮಮ್ಮನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಎದ್ದುಬಿಡಲೇ ಅನ್ನಿಸಿತು. ಎದ್ದರೆ ಜೀವ ಉಳಿಯುತ್ತದೆ, ಶಾಮಲಮ್ಮ ಅಳುವವರಿಲ್ಲದ ಹೆಣವಾಗಿ ಹೋಗುತ್ತಾಳೆ. ಆಕೆ ಸೊಸೆಯ ಮುಖ ನೋಡಿದಳು. "ಎಬ್ಬಿಸ್ತೀಯೇನೇ?"

ಪವಿತ್ರ ಅತ್ತೆಯ ಕೈಯಿಂದ ವಾಚು ಬಿಚ್ಚಿ ತನ್ನ ಕೈಗೆ ಕಟ್ಟಿಕೊಂಡಳು. ಮಂಡಿಗೆ ಮಂಡಿ ತಾಗುವಂತೆ ಕೂತು ಗಂಡನಿಗೆ, "ನಂಬರ್ ಇಳೀತದೆ, ನೋಡಿ ರೀ" ಎಂದಳು. ಅತ್ತೆಗೆ ಮಾತ್ರ ಮೆಲ್ಲಗೆ ಹೇಳಿದಳು: "ಸಣ್ಣಗೆ ಎತ್ತಿ ಅತ್ತೆ. ನಾನ್ ಹಿಡೀತೀನಿ."

ಅವಳಿಗೆ ಬರುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದಿಲಕ್ಷ್ಮಮ್ಮ ಸಣ್ಣಗೆ ಎತ್ತಿದಳು. ಶಾಮಲಮ್ಮ ಗಂಡನಿಲ್ಲದ ಮೇಲೆ ತೋಟ ಕಾದದ್ದು, ಮಗಳನ್ನು ದೂರದೇಶಕ್ಕೆ ಕಳಿಸಿ ಬಸ್‌ಸ್ಟ್ಯಾಂಡಿನಲ್ಲಿ ನಗುತ್ತಾ ನಿಂತದ್ದು, ಎಲ್ಲ ಬಂತು. ಫೋನಿನೊಳಗೆ ಆ ಮಗಳು ಹೋ ಎಂದು ಅತ್ತಳು. ಗೋಡೆಗೊರಗಿದ್ದ ಹೆಂಗಸರೂ ಅತ್ತರು. ಕೊಟ್ಟ ಮಾತು ನಡೆಯಿತು.

ಕೊನೆಗೆ ಉಸಿರು ಸಾಲದೆ ಆದಿಲಕ್ಷ್ಮಮ್ಮ ನಿಲ್ಲಿಸಿದಾಗ ಪವಿತ್ರ ಹಿಡಿದಳು. ಹಿಡಿದವಳು ತಪ್ಪಿದಳು. ಶಾಮಲಮ್ಮನನ್ನು ಅವಳು ಕರೆಯುತ್ತಿದ್ದದ್ದು ದೊಡ್ಡಮ್ಮ ಎಂದು. ಈಗ ಬಾಯಿಂದ ಬಂದದ್ದು, "ಅತ್ತೇ... ಬಾಣಂತನದಲ್ಲಿ ನನ್ನ ಎತ್ತಿ ಕೂರಿಸಿದ ಕೈಯೇ... ತಾನ್ ಉಣ್ಣೋಕ್ ಮುಂಚೆ ಉಂಡ್ಯೇನೇ ಅಂತ ಕೇಳೋರ್ ಯಾರು ಅತ್ತೇ..."

ಹೆಂಗಸರು ಅಳುವುದು ಬಿಟ್ಟು ಬಾಯಿ ಮೇಲೆ ಕೈಯಿಟ್ಟುಕೊಂಡರು. ಬದುಕಿರುವ ಅತ್ತೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಸೊಸೆ ಅಳುವುದುಂಟೇ? ಅಪಶಕುನ ಎಂದು ಯಾರೋ ಗೊಣಗಿದರು. ಪವಿತ್ರಳಿಗೆ ಅದಾವುದೂ ಕಿವಿಗೆ ಬೀಳಲಿಲ್ಲ. ಅವಳ ಮಣಿಕಟ್ಟಿನಲ್ಲಿ ವಾಚು ಗುಂಯ್‌ಗುಟ್ಟತೊಡಗಿತು, ಮಡಿಲಲ್ಲಿದ್ದ ಫೋನು ಮತ್ತೆ ಕೂಗಿತು.

ಆದಿಲಕ್ಷ್ಮಮ್ಮನೇ ಫೋನು ಎತ್ತಿ ಕಿವಿಗಿಟ್ಟುಕೊಂಡಳು. ಆ ಕಡೆ ವೆಂಕಟ್ ಬಸ್ಸಿನ ಸದ್ದಿನ ನಡುವೆ ಅಮ್ಮಾ ಅಮ್ಮಾ ಎಂದು ಅರಚುತ್ತಿದ್ದ.

"ನಂದಲ್ಲ ಕಣೋ ಅದು, ನಿನ್ ಹೆಂಡ್ತಿದು. ಇಡು ಫೋನು. ನಂಗೆ ಅಳ್ತಾವ್ಳೆ, ಪೂರ್ತಿ ಕೇಳ್ಕೊಂಡ್ ಬರ್ತೀನಿ."